ಮಕ್ಕಳ ಸ್ಕೂಟರಿಗೂ ಬೇಕು ಸರ್ವೀಸು!

ಮನೆಯ ಮುಂದೆ ನಿಂತಿರುವ ಬೈಕಿಗೆ ಕಾಲಕಾಲಕ್ಕೆ ಸರ್ವೀಸು, ವರ್ಷ ತಪ್ಪದೆ ವಿಮೆ, ಹೊಗೆ ತಪಾಸಣೆ ಎಲ್ಲವೂ ನಡೆಯುತ್ತದೆ. ಕಾರಿನ ಯಾವುದೋ ಮೂಲೆಯಲ್ಲಿ ಸಣ್ಣದೊಂದು ಸದ್ದು ಕೇಳಿಸಿದರೂ ಮಾಲೀಕರು ಗ್ಯಾರೇಜಿನ ದಾರಿ ಹಿಡಿಯುತ್ತಾರೆ. ಆದರೆ ಅದೇ ಮನೆಯ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ಗೋಡೆಗೊರಗಿ ನಿಂತಿರುವ ಮಗುವಿನ ಕಿಕ್ ಸ್ಕೂಟರಿನ ಗತಿ? ಹುಟ್ಟುಹಬ್ಬದ ದಿನ ಪೆಟ್ಟಿಗೆಯಿಂದ ಹೊರಬಂದ ಮೇಲೆ ಅದಕ್ಕೊಮ್ಮೆ ಸ್ಪ್ಯಾನರ್ ತಾಗಿದ ಉದಾಹರಣೆ ಬಲು ಅಪರೂಪ.

ಎಂಜಿನ್ ಇಲ್ಲ, ಚೈನ್ ಇಲ್ಲ, ಪೆಡಲ್ ಇಲ್ಲ, ಗಾಳಿ ತುಂಬಬೇಕಾದ ಟ್ಯೂಬೂ ಇಲ್ಲ. ಹಾಗಿರುವಾಗ ಕೆಡುವುದಕ್ಕೆ ಅದರಲ್ಲಿ ಏನಿದೆ ಎಂಬ ಪ್ರಶ್ನೆ ಸಹಜವೇ. ಆದರೆ ಭಾಗಗಳು ಕಡಿಮೆ ಇರುವುದೇ ಇಲ್ಲಿ ಅಪಾಯದ ಮೂಲ. ಸೈಕಲ್ಲಿನ ಒಂದು ಬ್ರೇಕು ಕೈಕೊಟ್ಟರೆ ಇನ್ನೊಂದಿರುತ್ತದೆ. ಕಿಕ್ ಸ್ಕೂಟರಿನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಬ್ರೇಕು, ಹ್ಯಾಂಡಲ್ಲನ್ನು ಹಿಡಿದಿಡುವ ಒಂದೇ ಕ್ಲ್ಯಾಂಪು, ಮಡಚುವ ಒಂದೇ ಕೀಲು. ಇವುಗಳಲ್ಲಿ ಯಾವುದೊಂದು ಸಡಿಲಗೊಂಡರೂ ಅದರ ಕೆಲಸಕ್ಕೆ ಒದಗಿ ಬರುವ ಬೇರೊಂದು ಭಾಗವಿಲ್ಲ. ಹಲಗೆಯ ಮೇಲೆ ನಿಂತಿರುವುದು ಐದಾರು ವರ್ಷದ ಕೂಸು.

ಅಂದಹಾಗೆ, ಕನ್ನಡಿಗರಿಗೆ ‘ಸ್ಕೂಟರ್’ ಮತ್ತು ‘ಕಿಕ್’ ಎಂಬ ಎರಡು ಶಬ್ದಗಳು ಒಟ್ಟಿಗೆ ಕೇಳಿಸಿದೊಡನೆ ನೆನಪಾಗುವುದು ಬಜಾಜ್ ಚೇತಕ್. ಅದನ್ನು ಒಂದು ಬದಿಗೆ ವಾಲಿಸಿ ಕಿಕ್ ಹೊಡೆಯುತ್ತಿದ್ದ ಅಪ್ಪಂದಿರ ಚಿತ್ರ ಒಂದು ತಲೆಮಾರಿನ ನೆನಪಿನಲ್ಲಿ ಇನ್ನೂ ಹಸಿರಾಗಿದೆ. ಇಲ್ಲಿ ಹೇಳಹೊರಟಿರುವುದು ಅದರ ಮಾತಲ್ಲ. ಒಂದು ಕಾಲನ್ನು ಹಲಗೆಯ ಮೇಲಿಟ್ಟು, ಇನ್ನೊಂದು ಕಾಲಿನಿಂದ ನೆಲವನ್ನು ಒದ್ದು ಮುಂದೆ ಸಾಗುವ, ಮಕ್ಕಳ ಪುಟ್ಟ ಗಾಡಿಯ ಮಾತು.

ಮಡಚಿ ಕೈಯಲ್ಲಿ ಹಿಡಿದೊಯ್ಯಬಹುದಾದ ಅಲ್ಯೂಮಿನಿಯಂ ಸ್ಕೂಟರ್ ಜನಪ್ರಿಯವಾದ ಕಥೆ ಸ್ವಾರಸ್ಯಕರವಾಗಿದೆ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ವಿಮ್ ಔಬೋಟರ್ ಎಂಬುವವರಿಗೆ ಮೆಚ್ಚಿನ ತಿಂಡಿ ಅಂಗಡಿಯೊಂದಿತ್ತು. ನಡೆದು ಹೋಗಲು ಅದು ದೂರ, ಕಾರು ತೆಗೆಯಲು ತೀರಾ ಹತ್ತಿರ. ಈ ಪೇಚಿಗೆ ಅವರು ಕಂಡುಕೊಂಡ ಪರಿಹಾರವೇ 1990ರ ದಶಕದ ಮಡಚುವ ಸ್ಕೂಟರ್. ತೈವಾನಿನ ಕಾರ್ಖಾನೆಯಲ್ಲಿ ತಯಾರಾದ ಈ ಗಾಡಿ ಮೊದಲು ಜಪಾನಿನಲ್ಲಿ ಹೆಸರು ಮಾಡಿ, 2000ದಲ್ಲಿ ‘ರೇಜರ್’ ಎಂಬ ಹೆಸರಿನಿಂದ ಅಮೆರಿಕದ ಬೀದಿಗಳಿಗೆ ಲಗ್ಗೆ ಹಾಕಿತು. ದೊಡ್ಡವರ ತಿರುಗಾಟಕ್ಕೆಂದು ರೂಪುಗೊಂಡದ್ದು ಮಕ್ಕಳ ಪಾಲಾಯಿತು.

ಅದರ ಬೆನ್ನಿಗೇ ಆಸ್ಪತ್ರೆಗಳ ತುರ್ತುಚಿಕಿತ್ಸಾ ಘಟಕಗಳಲ್ಲಿ ಗಾಯಾಳುಗಳ ಸಾಲು ಬೆಳೆಯಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2000ದ ಡಿಸೆಂಬರಿನಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಆ ವರ್ಷದ ಮೊದಲ ಹತ್ತು ತಿಂಗಳಲ್ಲಿ ಸುಮಾರು 27,600 ಮಂದಿ ಇಂಥ ಸ್ಕೂಟರಿನಿಂದ ಬಿದ್ದು ಚಿಕಿತ್ಸೆ ಪಡೆದಿದ್ದರು. ಅವರಲ್ಲಿ ಶೇಕಡಾ 85ರಷ್ಟು ಮಂದಿ 15 ವರ್ಷದೊಳಗಿನವರು. ಕೈ ಮತ್ತು ತೋಳಿನ ಗಾಯಗಳೇ ಹೆಚ್ಚು, ಅನಂತರದ ಸ್ಥಾನ ತಲೆ ಮತ್ತು ಮುಖಕ್ಕೆ. ಬೀಳುವಾಗ ಕೈ ಮುಂದೆ ಚಾಚುವುದು ಮನುಷ್ಯಸಹಜ. ಮುರಿಯುವುದೂ ಅದೇ ಕೈ. ಎಂಟು ವರ್ಷದೊಳಗಿನ ಮಕ್ಕಳು ದೊಡ್ಡವರ ಕಣ್ಗಾವಲಿಲ್ಲದೆ ಇದನ್ನು ಓಡಿಸಕೂಡದು ಎಂಬ ಸಲಹೆ ಆಗಲೇ ಹೊರಬಿದ್ದಿತ್ತು. ಕಾಲು ಶತಮಾನ ಕಳೆದರೂ ಆ ಸಲಹೆ ಹಳತಾಗಿಲ್ಲ.

ಚಿಕ್ಕ ಚಕ್ರ, ದೊಡ್ಡ ಕಲ್ಲು

ಮಗು ಬಿದ್ದಾಗ ಹಿರಿಯರು ಹೇಳುವ ಮೊದಲ ಮಾತು ‘ನೋಡ್ಕೊಂಡು ಓಡಿಸಬಾರದಾ?’ ಎಂಬುದು. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಮಗುವಿನದಲ್ಲ, ಚಕ್ರದ ಗಾತ್ರದ್ದು.

ಸಾಮಾನ್ಯ ಸ್ಕೂಟರಿನ ಚಕ್ರದ ವ್ಯಾಸ 100 ಮಿಲಿಮೀಟರ್, ಅಂದರೆ ತ್ರಿಜ್ಯ ಐದು ಸೆಂಟಿಮೀಟರ್. ಎರಡು ಸೆಂಟಿಮೀಟರ್ ಎತ್ತರದ ಜಲ್ಲಿಕಲ್ಲೊಂದು ಅದರ ಹಾದಿಗೆ ಅಡ್ಡ ಬಂದಿತೆನ್ನಿ. ಆ ಕಲ್ಲನ್ನು ಏರಬೇಕಾದರೆ ಚಕ್ರದ ಮೇಲಿರುವ ಭಾರದ ಸುಮಾರು 1.3 ಪಟ್ಟು ಬಲ ಮುಂದಕ್ಕೆ ತಳ್ಳಬೇಕೆಂದು ಸರಳ ಲೆಕ್ಕ ಹೇಳುತ್ತದೆ. 16 ಇಂಚಿನ ಮಕ್ಕಳ ಸೈಕಲ್ಲಿಗೆ ಅದೇ ಕಲ್ಲು ದಾಟಲು ಭಾರದ ಅರ್ಧದಷ್ಟು ಬಲ ಸಾಕು. ಸೈಕಲ್ಲು ಕುಲುಕಿ ಮುಂದೆ ಹೋಗುವ ಜಾಗದಲ್ಲಿ ಸ್ಕೂಟರ್ ನಿಂತೇ ಬಿಡುತ್ತದೆ. ನಿಲ್ಲದಿರುವುದು ಮಗು ಮಾತ್ರ. ಅದು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಹಾರುತ್ತದೆ.

ನಮ್ಮ ಊರುಗಳ ಪಾದಚಾರಿ ಮಾರ್ಗಗಳನ್ನು ನೆನೆದರೆ ಈ ಲೆಕ್ಕದ ಮಹತ್ವ ತಾನಾಗಿ ತಿಳಿಯುತ್ತದೆ. ಚಪ್ಪಡಿಗಳ ನಡುವಿನ ಬಿರುಕು, ಮೋರಿಯ ಕಬ್ಬಿಣದ ಜಾಲರಿ, ಕೇಬಲ್ಲಿಗಾಗಿ ಅಗೆದು ಅರೆಬರೆ ಮುಚ್ಚಿದ ಗುಂಡಿ ಇವೆಲ್ಲವೂ ಚಿಕ್ಕ ಚಕ್ರದ ಶತ್ರುಗಳೇ. ಜಾಲರಿಯ ಸಂದುಗಳು ಗಾಡಿ ಸಾಗುವ ದಿಕ್ಕಿಗೇ ಇದ್ದರಂತೂ ಚಕ್ರ ಒಳಗಿಳಿದು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಗಾಡಿಯ ಆರೈಕೆಗಿಂತ ಮೊದಲು ಜಾಗದ ಆಯ್ಕೆ. ಭಾನುವಾರ ವಾಹನ ಸಂಚಾರ ನಿಲ್ಲುವ ಕಬ್ಬನ್ ಉದ್ಯಾನದ ರಸ್ತೆಗಳಂಥ ನುಣುಪಾದ, ಸಮತಟ್ಟಾದ ಜಾಗ ಎಲ್ಲರಿಗೂ ಸಿಗಲಿಕ್ಕಿಲ್ಲ. ಶಾಲೆಯ ಕಾಂಕ್ರೀಟು ಅಂಗಳವೋ ದೊಡ್ಡ ತಾರಸಿಯೋ ಸಿಕ್ಕರೂ ಆದೀತು. ತಾರಸಿಯಾದರೆ ಸುತ್ತಲೂ ಎತ್ತರದ ಪ್ಯಾರಪೆಟ್ ಗೋಡೆ ಇರಲೇಬೇಕು.

ತೀರಾ ಕೆಟ್ಟ ಜಾಗ ಯಾವುದು? ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುವ ಇಳಿಜಾರು. ನುಣ್ಣಗಿರುವ ಕಾರಣಕ್ಕೆ ಮಕ್ಕಳಿಗೆ ಅದೇ ಅಚ್ಚುಮೆಚ್ಚು. ಕತ್ತಲೆಯಿಂದ ಬೆಳಕಿಗೆ ಕಾರು ಹತ್ತಿಸುವ ಚಾಲಕನ ಕಣ್ಣಿಗೆ ಒಂದು ಮೀಟರ್ ಎತ್ತರದ ಮಗು ಬಾನೆಟ್ಟಿನ ಮರೆಯಲ್ಲಿ ಕಾಣುವುದೇ ಇಲ್ಲ. ಈ ವಿಷಯದಲ್ಲಿ ಮಾತ್ರ ಮನೆಯವರು ನಿಷ್ಠುರವಾಗಿರಬೇಕು.

ಕೀಲು ಮತ್ತು ಕ್ಲ್ಯಾಂಪು

ಇಡೀ ಗಾಡಿಯಲ್ಲಿ ಒಂದೇ ಭಾಗವನ್ನು ನೋಡಲು ಸಮಯವಿದೆ ಎಂದಾದರೆ ನೋಡಬೇಕಾದದ್ದು ಮಡಚುವ ಕೀಲನ್ನು. ಹ್ಯಾಂಡಲಿನ ಕಂಬ ಹಲಗೆಯನ್ನು ಸೇರುವ ಕಡೆ ಇರುವ ಈ ಕೀಲಿನಲ್ಲಿ ಒಂದು ಪಿನ್ನು, ಅದನ್ನು ಬಿಗಿಯುವ ಒಂದು ಲಿವರ್ ಇರುತ್ತವೆ. ಮಡಚಿ ಬಿಡಿಸಿದ ಪ್ರತಿ ಬಾರಿಯೂ ಪಿನ್ನು ತನ್ನ ಗುಳಿಯಲ್ಲಿ ಪೂರ್ತಿ ಕೂತಿದೆಯೇ ಎಂದು ಖಾತ್ರಿಪಡಿಸಿಕೊಳ್ಳಬೇಕು. ‘ಟಕ್’ ಎಂಬ ಸದ್ದು ಕೇಳಿಸಿತೆಂದ ಮಾತ್ರಕ್ಕೆ ಸಾಲದು, ಕಣ್ಣಿನಿಂದ ನೋಡಬೇಕು. ಅರ್ಧ ಕೂತ ಪಿನ್ನು ನಿಂತಿರುವಾಗ ಗಟ್ಟಿಯಾಗಿಯೇ ಇರುತ್ತದೆ. ಓಡುವಾಗ ಒಂದು ಕುಲುಕಿಗೆ ಜಾರಿ ಗಾಡಿ ಮಡಚಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಒತ್ತಿ ಹಿಡಿಯಿರಿ. ಹ್ಯಾಂಡಲ್ಲನ್ನು ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸಿ. ಟಿಕ್ ಟಿಕ್ ಸದ್ದಿನೊಂದಿಗೆ ಆಡಿದರೆ ಕೀಲು ಅಥವಾ ಮೇಲಿನ ಬೇರಿಂಗು ಸಡಿಲಗೊಂಡಿದೆ ಎಂದೇ ಅರ್ಥ. ಅನಂತರ ಚಕ್ರವನ್ನು ಹಾಗೆಯೇ ಹಿಡಿದು ಹ್ಯಾಂಡಲ್ಲನ್ನು ಎಡಬಲಕ್ಕೆ ತಿರುಗಿಸಲು ನೋಡಿ. ಚಕ್ರ ನಿಂತಲ್ಲೇ ಇದ್ದು ಹ್ಯಾಂಡಲ್ ಮಾತ್ರ ತಿರುಗಿದರೆ ಕ್ಲ್ಯಾಂಪು ಬಿಗಿಯಿಲ್ಲ. ಅಂಥ ಗಾಡಿಯಲ್ಲಿ ಮಗು ಬಲಕ್ಕೆ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ.

ಕ್ಲ್ಯಾಂಪಿನ ಲಿವರನ್ನು ಅಂಗೈಯಿಂದ ಒತ್ತಿ ಮುಚ್ಚುವಷ್ಟು ಬಿಗಿ ಇರಬೇಕು. ಕಿರುಬೆರಳಿನಿಂದ ಮುಚ್ಚಲು ಬಂದರೆ ಎದುರು ಬದಿಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಹ್ಯಾಂಡಲಿನ ಎತ್ತರವನ್ನು ಗೊತ್ತುಪಡಿಸುವ ಸ್ಪ್ರಿಂಗ್ ಗುಂಡಿ ತನ್ನ ತೂತಿನಿಂದ ಪೂರ್ತಿ ಹೊರಚಾಚಿರಬೇಕು. ಆ ಎತ್ತರವೂ ಮಗುವಿನೊಡನೆ ಬೆಳೆಯಬೇಕಾದದ್ದೇ. ಹಲಗೆಯ ಮೇಲೆ ನೆಟ್ಟಗೆ ನಿಂತಾಗ ಹಿಡಿಕೆ ಸೊಂಟಕ್ಕೂ ಹೊಕ್ಕುಳಿಗೂ ನಡುವೆ ಬಂದರೆ ಸರಿ. ಎರಡು ವರ್ಷದ ಹಿಂದೆ ಹೊಂದಿಸಿದ ಎತ್ತರದಲ್ಲೇ ಇಂದಿಗೂ ಗೂನು ಬೆನ್ನು ಮಾಡಿಕೊಂಡು ಓಡಿಸುವ ಮಕ್ಕಳನ್ನು ಯಾವ ಬಡಾವಣೆಯಲ್ಲಾದರೂ ಕಾಣಬಹುದು. ಬಾಗಿದ ಮಗುವಿನ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಮೊದಲೇ ಹೇಳಿದ ಕಲ್ಲಿನ ಲೆಕ್ಕ ಆಗ ಇನ್ನಷ್ಟು ಕೆಡುತ್ತದೆ.

ಇನ್ನೊಂದು ಮಾತು. ಮಡಚುವ ಕೆಲಸವನ್ನು ಮಗುವಿಗೆ ಬಿಡಬಾರದು. ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕರೆ ಏನಾಗುತ್ತದೆ ಎಂಬುದು ಗೊತ್ತಿರುವ ಸಂಗತಿ. ಇಲ್ಲಿ ಸಂದಿಯ ಎರಡೂ ಬದಿ ಲೋಹ.

ಮೂರು ಚಕ್ರದ ಸ್ಕೂಟರ್ ಕೊಂಡವರಿಗೆ ಒಂದು ಸಮಾಧಾನ. ಮುಂದೆ ಎರಡು ಚಕ್ರವಿರುವ ಅನೇಕ ಮಾದರಿಗಳಲ್ಲಿ ಹ್ಯಾಂಡಲ್ ತಿರುಗುವುದೇ ಇಲ್ಲ. ಮಗು ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೆ ಗಾಡಿ ತಿರುಗುತ್ತದೆ. ಇದು ದೋಷವಲ್ಲ, ರಚನೆಯೇ ಹಾಗೆ. ‘ಹ್ಯಾಂಡಲ್ ಜಾಮ್ ಆಗಿದೆ’ ಎಂದು ಬಲವಂತವಾಗಿ ತಿರುಗಿಸಿ ಒಳಗಿನ ಪ್ಲಾಸ್ಟಿಕ್ ಭಾಗ ಮುರಿಯುವುದು ಬೇಡ.

ಹಿಡಿಕೆಯ ತುದಿ

ನೋಡಲು ತೀರಾ ಕ್ಷುಲ್ಲಕವೆನಿಸುವ ಭಾಗ ಇದು. ಹಿಡಿಕೆಯ ರಬ್ಬರು ತುದಿಯಲ್ಲಿ ಸವೆದು ತೂತಾದರೆ ಒಳಗಿನ ಕೊಳವೆಯ ಅಂಚು ಹೊರಗಿಣುಕುತ್ತದೆ. ಬಿದ್ದಾಗ ಹ್ಯಾಂಡಲ್ ತಿರುಗಿ ಅದರ ತುದಿ ನೇರವಾಗಿ ಮಗುವಿನ ಹೊಟ್ಟೆಗೆ ಒತ್ತುವುದುಂಟು. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ತಾಗಿ ಯಕೃತ್ತು, ಗುಲ್ಮ, ಮೇದೋಜೀರಕ ಗ್ರಂಥಿಗಳಿಗೆ ಏಟಾಗುವುದು ಮಕ್ಕಳ ಶಸ್ತ್ರಚಿಕಿತ್ಸಕರಿಗೆ ಬಹುಕಾಲದಿಂದ ಪರಿಚಿತವಾದ ಗಾಯ. ಸ್ಕೂಟರಿನ ಹಿಡಿಕೆಯೂ ಅದೇ ಬಗೆಯದು. ಹೊರಗೆ ಬರಿಯ ಕೆಂಪು ಗುರುತು, ಒಳಗೆ ರಕ್ತಸ್ರಾವ ಎಂಬುದು ಇದರ ಮೋಸ. ಹೀಗೆ ಪೆಟ್ಟು ತಿಂದ ಮಗು ಹೊಟ್ಟೆನೋವೆಂದರೆ, ವಾಂತಿ ಮಾಡಿಕೊಂಡರೆ, ಮಂಕಾದರೆ ಓಮದ ನೀರು ಕುಡಿಸುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು. ತುದಿ ಸವೆದ ಹಿಡಿಕೆಯನ್ನು ಆ ದಿನವೇ ಬದಲಾಯಿಸಬೇಕು. ಸೈಕಲ್ ಅಂಗಡಿಯಲ್ಲಿ ಸಿಗುವ ಹಿಡಿಕೆಗಳೇ ಅನೇಕ ಸ್ಕೂಟರುಗಳಿಗೆ ಹೊಂದುತ್ತವೆ. ಹಳೆಯದನ್ನು ಜೊತೆಗೆ ಒಯ್ದು ಅಳತೆ ನೋಡಿದರೆ ಸರಿ.

ಬೇರಿಂಗಿಗೆ ಕೊಬ್ಬರಿ ಎಣ್ಣೆ ಬೇಡ

ಕರ್ನಾಟಕದ ಗಲ್ಲಿಗಳಿಗೆ ಬೇರಿಂಗ್ ಹೊಸತಲ್ಲ. ಗ್ಯಾರೇಜಿನವರು ಎಸೆದ ಹಳೆಯ ಬೇರಿಂಗುಗಳನ್ನು ಬೇಡಿ ತಂದು, ಮರದ ಹಲಗೆಗೆ ಸಿಕ್ಕಿಸಿ, ಇಳಿಜಾರಿನಲ್ಲಿ ಗರಗರ ಸದ್ದು ಮಾಡುತ್ತ ಇಳಿಯುತ್ತಿದ್ದ ‘ಬೇರಿಂಗ್ ಗಾಡಿ’ ಹಿಂದಿನ ಹುಡುಗರ ರಾಜರಥ. ಇಂದಿನ ಸ್ಕೂಟರಿನ ಪ್ರತಿ ಚಕ್ರದೊಳಗೂ ಅಂಥವೇ ಎರಡು ಪುಟ್ಟ ಬೇರಿಂಗುಗಳಿವೆ.

ಬಹುತೇಕ ಗಾಡಿಗಳಲ್ಲಿರುವುದು 608 ಎಂಬ ಸಂಖ್ಯೆಯ ಬೇರಿಂಗು. ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ. ರೋಲರ್ ಸ್ಕೇಟುಗಳಲ್ಲೂ 2017ರಲ್ಲಿ ಮಕ್ಕಳ ಕೈಯಲ್ಲಿ ಗಿರಗಿರ ತಿರುಗುತ್ತಿದ್ದ ಸ್ಪಿನ್ನರ್ ಆಟಿಕೆಗಳಲ್ಲೂ ಇದ್ದದ್ದು ಇದೇ. ಜಗತ್ತಿನೆಲ್ಲೆಡೆ ಒಂದೇ ಅಳತೆಯಾದ್ದರಿಂದ ಜಿಲ್ಲಾ ಕೇಂದ್ರದ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಸಾಧಾರಣ ದರ್ಜೆಯದು ಮಸಾಲೆ ದೋಸೆಯ ಬೆಲೆಯನ್ನೇನೂ ಮೀರುವುದಿಲ್ಲ. ಸಂಖ್ಯೆಯ ಮುಂದೆ ‘ಝಡ್‌ಝಡ್’ ಎಂದಿದ್ದರೆ ಎರಡೂ ಬದಿಗೆ ಲೋಹದ ಮುಚ್ಚಳ, ‘2ಆರ್‌ಎಸ್’ ಎಂದಿದ್ದರೆ ರಬ್ಬರಿನ ಮುಚ್ಚಳ. ನಮ್ಮ ಧೂಳಿಗೂ ಮಳೆಗೂ ರಬ್ಬರಿನದೇ ಮೇಲು.

ಗಾಡಿಯನ್ನು ಎತ್ತಿ ಹಿಡಿದು ಚಕ್ರವನ್ನು ಬೆರಳಿನಿಂದ ತಿರುಗಿಸಿ. ಸದ್ದಿಲ್ಲದೆ ತಿರುಗುತ್ತ ಮೆಲ್ಲಗೆ ನಿಂತರೆ ಬೇರಿಂಗು ಆರೋಗ್ಯವಾಗಿದೆ. ಮರಳು ಅರೆದಂಥ ಸದ್ದು ಬಂದರೆ ಅಥವಾ ತಡೆತಡೆದು ತಿರುಗಿದರೆ ಒಳಗೆ ಧೂಳೋ ತುಕ್ಕೋ ಸೇರಿದೆ. ಅದಕ್ಕೂ ಮುನ್ನ ಆಕ್ಸಲಿನ ಸಂದಿಯಲ್ಲಿ ಇಣುಕಿ ನೋಡುವುದು ಒಳ್ಳೆಯದು. ಉದ್ದನೆಯ ತಲೆಗೂದಲು, ಗಾಳಿಪಟದ ದಾರ, ಹೂವಿನ ನಾರು ಸುತ್ತಿಕೊಂಡು ಚಕ್ರ ಬಿಗಿದಿರುವುದೇ ಹೆಚ್ಚು. ಚಿಮಟದಿಂದ ಎಳೆದು ತೆಗೆದರೆ ಅರ್ಧ ರೋಗ ವಾಸಿ.

ಕೀರಲು ಸದ್ದು ಬಂದೊಡನೆ ಅಡುಗೆಮನೆಯ ಕೊಬ್ಬರಿ ಎಣ್ಣೆಯ ಬಾಟಲಿಗೆ ಕೈಹಾಕುವುದು ನಮ್ಮ ಮನೆಗಳ ಹಳೆಯ ಅಭ್ಯಾಸ. ಬಾಗಿಲ ತಿರುಗಣಿಗೆ ಅದು ಸಾಕಾದೀತು. ಬೇರಿಂಗಿಗೆ ಮಾತ್ರ ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರುಗಳ ಚಳಿಗಾಲದ ಬೆಳಗಿನಲ್ಲಿ ಅದು ಎಣ್ಣೆಯಾಗಿ ಉಳಿಯುವುದೇ ಇಲ್ಲ. ಉಳಿದ ಕಾಲದಲ್ಲಿ ಧೂಳನ್ನು ಹಿಡಿದು ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳದು ಇನ್ನೊಂದು ಬಗೆಯ ತೊಂದರೆ. ಸಿಂಪಡಿಸಿದ ಕ್ಷಣಕ್ಕೆ ಚಕ್ರ ಸರಾಗವಾಗಿ ತಿರುಗಿದರೂ ಒಳಗಿನ ಗ್ರೀಸನ್ನು ಅವು ಕರಗಿಸಿಬಿಡುತ್ತವೆ. ಮುಚ್ಚಳವಿರುವ ಬೇರಿಂಗಿಗೆ ಕಾರ್ಖಾನೆಯಲ್ಲಿ ತುಂಬಿದ ಗ್ರೀಸೇ ಸಾಕು. ಅದು ಒಣಗಿ ಬೇರಿಂಗು ಗರಗರ ಎನ್ನತೊಡಗಿದರೆ ಹೊಸದು ಹಾಕುವುದೇ ಬುದ್ಧಿವಂತಿಕೆ. ಯಾವ ಎಣ್ಣೆಯೇ ಆಗಲಿ, ಚಕ್ರದ ಮೇಲ್ಮೈಗೂ ಬ್ರೇಕಿಗೂ ಒಂದು ಹನಿಯೂ ತಾಗಬಾರದು.

ಚಕ್ರ ಬಿಚ್ಚಲು ಎರಡು ಅಲೆನ್ ಕೀ ಬೇಕು, ಹೆಚ್ಚಾಗಿ 5 ಮಿ.ಮೀ.ನದು. ಎರಡು ಬೇರಿಂಗುಗಳ ನಡುವೆ ಪುಟ್ಟ ಕೊಳವೆಯೊಂದು ಇರುತ್ತದೆ. ಬಿಚ್ಚುವಾಗ ಅದು ಉರುಳಿ ಸೋಫಾ ಕೆಳಗೆ ಸೇರುವುದು ವಾಡಿಕೆ. ಅದಿಲ್ಲದೆಯೂ ಚಕ್ರ ಜೋಡಣೆಯಾಗುತ್ತದೆ ಎಂಬುದೇ ತೊಂದರೆ. ಬೋಲ್ಟು ಬಿಗಿದಂತೆಲ್ಲ ಬೇರಿಂಗುಗಳ ಒಳಬಳೆಗಳು ಒಂದರ ಕಡೆಗೊಂದು ಒತ್ತಲ್ಪಟ್ಟು ಕೆಲವೇ ದಿನಗಳಲ್ಲಿ ಹಾಳಾಗುತ್ತವೆ. ಬೋಲ್ಟನ್ನು ಚಕ್ರ ಅಡ್ಡಡ್ಡ ಅಲುಗದಷ್ಟು, ಆದರೆ ಸಲೀಸಾಗಿ ತಿರುಗುವಷ್ಟು ಬಿಗಿಯಬೇಕು. ಒಳಗೆ ನೈಲಾನ್ ಬಳೆಯಿರುವ ನಟ್ಟು ಅಲ್ಲಿದ್ದರೆ ಅದರ ಬದಲಿಗೆ ಸಾದಾ ನಟ್ಟು ಹಾಕಬೇಡಿ. ಅದುರಿ ಅದುರಿ ಸಡಿಲವಾಗದಿರಲೆಂದೇ ಆ ನೈಲಾನ್ ಬಳೆ.

ಚಕ್ರ, ಬ್ರೇಕು

ಚಕ್ರಗಳು ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನವು. ಹಿಂದಿನ ಚಕ್ರ ಬ್ರೇಕಿನ ಒತ್ತಿಗೆ ಸಿಕ್ಕು ಬೇಗ ಸವೆಯುತ್ತದೆ. ದುಂಡಗಿದ್ದ ಅಂಚು ಚಪ್ಪಟೆಯಾದರೆ, ಚೂರು ಕಿತ್ತರೆ, ಒಳಗಿನ ಗಾಲಿಯಿಂದ ಬಿಟ್ಟುಕೊಂಡರೆ ಬದಲಾಯಿಸುವುದೊಂದೇ ದಾರಿ. ಅಣ್ಣನ ಗಾಡಿ ಅಟ್ಟದ ಮೇಲೆ ನಾಲ್ಕೈದು ವರ್ಷ ಕೂತು ಈಗ ತಮ್ಮನಿಗೆ ಇಳಿದು ಬರುತ್ತಿದ್ದರೆ ಇನ್ನೂ ಎಚ್ಚರ ಬೇಕು. ಕಪಾಟಿನಲ್ಲಿಟ್ಟ ಬೂಟಿನ ಅಟ್ಟೆ ಕೆಲವು ವರ್ಷಗಳ ಬಳಿಕ ಹಾಕಿಕೊಂಡ ದಿನವೇ ಪುಡಿಪುಡಿಯಾಗಿ ಉದುರುವುದನ್ನು ಹಲವರು ಕಂಡಿರುತ್ತಾರೆ. ಗಾಳಿಯ ತೇವ ಕೆಲವು ಬಗೆಯ ಪಾಲಿಯುರೆಥೇನನ್ನು ಒಳಗೊಳಗೇ ಶಿಥಿಲಗೊಳಿಸುವುದರ ಫಲ ಅದು. ಚಕ್ರಕ್ಕೂ ಅದೇ ಗತಿ ಬರಬಹುದು. ಉಗುರಿನಿಂದ ಒತ್ತಿದಾಗ ಅಂಟಂಟಾದರೆ ಅಥವಾ ಸಿಪ್ಪೆ ಎದ್ದರೆ ಓಡಿಸುವುದು ಸಲ್ಲ.

ಬ್ರೇಕೆಂದರೆ ಹಿಂದಿನ ಚಕ್ರದ ಮೇಲಿರುವ ಮಡ್‌ಗಾರ್ಡ್. ಅದನ್ನು ಹಿಮ್ಮಡಿಯಿಂದ ತುಳಿದರೆ ಚಕ್ರಕ್ಕೆ ಒತ್ತಿ ಗಾಡಿ ನಿಲ್ಲುತ್ತದೆ. ಕೈಬಿಟ್ಟೊಡನೆ ಎಂಬಂತೆ ಕಾಲು ತೆಗೆದೊಡನೆ ಅದು ಸ್ಪ್ರಿಂಗಿನ ಬಲದಿಂದ ಮೇಲೇಳಬೇಕು. ಮಂಗಳೂರಿನ ಏರಿಳಿತದ ಬೀದಿಗಳಲ್ಲಿ, ಮಡಿಕೇರಿಯ ಇಳಿಜಾರುಗಳಲ್ಲಿ ಇದನ್ನು ಉದ್ದಕ್ಕೂ ತುಳಿದರೆ ಲೋಹ ಚುರುಕ್ಕೆನ್ನುವಷ್ಟು ಕಾಯುತ್ತದೆ. ಇಳಿದ ತಕ್ಷಣ ಮಗು ಅದನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಅಷ್ಟಕ್ಕೂ ಇಂಥ ಬ್ರೇಕು ಇಳಿಜಾರಿಗೆಂದು ಮಾಡಿದ್ದಲ್ಲ. ಹೆದರಿದ ಮಗು ಸಹಜವಾಗಿ ಮುಂದಕ್ಕೆ ಬಾಗಿ ಹ್ಯಾಂಡಲ್ಲನ್ನು ಅಪ್ಪಿಕೊಳ್ಳುತ್ತದೆ, ಆಗ ಹಿಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ, ಬ್ರೇಕು ಹಿಡಿಯುವುದೂ ಇಲ್ಲ. ಹಿಂದಕ್ಕೆ ಭಾರ ಹಾಕಿ ತುಳಿಯುವುದನ್ನು ಸಮತಟ್ಟಾದ ನೆಲದಲ್ಲೇ ರೂಢಿ ಮಾಡಿಸಬೇಕು. ಬರಿಗಾಲಾಗಲಿ ಹವಾಯಿ ಚಪ್ಪಲಿಯಾಗಲಿ ಈ ಸವಾರಿಗೆ ಆಗದು, ಬೂಟೇ ಬೇಕು.

ಬೆಸುಗೆಯ ಬಳಿ ಕೂದಲೆಳೆ

ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯದು. ಆದರೆ ಅದಕ್ಕೊಂದು ದುರ್ಗುಣವಿದೆ. ಉಕ್ಕಿಗೆ ಒಂದು ಮಿತಿಯುಂಟು. ಅದಕ್ಕಿಂತ ಕಡಿಮೆ ಒತ್ತಡವನ್ನು ಎಷ್ಟು ಸಲ ಹೇರಿದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಪ್ರತಿ ಕುಲುಕಿನ ದಣಿವೂ ಅದರಲ್ಲಿ ಜಮೆಯಾಗುತ್ತ ಹೋಗಿ, ಕೂದಲೆಳೆಯಂಥ ಬಿರುಕು ಹುಟ್ಟಿ, ಒಂದು ದಿನ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಬಿರುಕು ಮೊದಲು ಕಾಣಿಸುವುದು ಕಂಬವೂ ಹಲಗೆಯೂ ಕೂಡುವ ಬೆಸುಗೆಯ ಅಂಚಿನಲ್ಲಿ. ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು, ಬೇಕಾದರೆ ಮೊಬೈಲಿನ ಬೆಳಕು ಬಿಟ್ಟು ಅಲ್ಲಿ ನೋಡಬೇಕು. ಬಣ್ಣದ ಮೇಲಿನ ಗೆರೆಯೋ ನಿಜವಾದ ಬಿರುಕೋ ಎಂಬ ಅನುಮಾನವಿದ್ದರೆ ಬಿರುಕೆಂದೇ ಭಾವಿಸುವುದು ಕ್ಷೇಮ.

ಬಿರುಕು ಕಂಡಾಗ ಮನೆಯವರಿಗೆ ಹೊಳೆಯುವ ಮೊದಲ ಉಪಾಯ ಬೀದಿಯ ಕೊನೆಯ ವೆಲ್ಡಿಂಗ್ ಶಾಪು. ಗೇಟು, ಕಿಟಕಿ, ಸೈಕಲ್ ಕ್ಯಾರಿಯರ್ ಎಲ್ಲವನ್ನೂ ಅಲ್ಲಿ ಬೆಸೆದುಕೊಡುತ್ತಾರಲ್ಲ! ಅವೆಲ್ಲ ಕಬ್ಬಿಣ. ಸ್ಕೂಟರಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹ ತನ್ನ ಗಟ್ಟಿತನವನ್ನು ಪಡೆಯುವುದು ಕಾರ್ಖಾನೆಯಲ್ಲಿ ನಡೆಸುವ ಉಷ್ಣ ಸಂಸ್ಕಾರದಿಂದ. ಮತ್ತೆ ಬೆಸುಗೆ ಹಾಕಿದಾಗ ಆ ಶಾಖಕ್ಕೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಬೆಸುಗೆ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರ ಪಕ್ಕದಲ್ಲಿ ಮುರಿಯಲು ಸಿದ್ಧವಾಗಿರುತ್ತದೆ. ಬಿರುಕು ಬಿಟ್ಟ ಗಾಡಿಯ ಆಯುಸ್ಸು ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು.

ಈ ದಣಿವನ್ನು ಬೇಗ ತರಿಸುವವರು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರೇ. ಆಟಿಕೆಯಾಗಿ ಮಾರುವ ಸ್ಕೂಟರುಗಳಿಗೆ ಐರೋಪ್ಯ ಮಾನಕದಲ್ಲಿ ಸವಾರನ ತೂಕದ ಮೇಲ್ಮಿತಿ 50 ಕಿಲೋ. ಪುಟ್ಟ ಮಕ್ಕಳ ಮಾದರಿಗಳಿಗೆ 20 ಕಿಲೋ ಮಾತ್ರ. ಮಗು ಸುಸ್ತಾಗಿ ಕೂತಾಗ ‘ಎಲ್ಲಿ ಕೊಡು, ಒಂದು ರೌಂಡ್’ ಎಂದು ಹಲಗೆಯ ಮೇಲೆ ನಿಲ್ಲುವ ಎಪ್ಪತ್ತೈದು ಕಿಲೋದ ಅಪ್ಪಂದಿರು, ತಂಗಿಯನ್ನೂ ಹತ್ತಿಸಿಕೊಂಡು ಡಬಲ್ ಸವಾರಿ ಹೊರಡುವ ಅಣ್ಣಂದಿರು ಗಾಡಿಯ ಕೆಳಗಿನ ಚೀಟಿಯನ್ನು ಒಮ್ಮೆ ಓದುವುದು ಮೇಲು. ಹೊಸದು ಕೊಳ್ಳುವವರು ಆ ಚೀಟಿಯೊಂದಿಗೆ ಐಎಸ್ಐ ಗುರುತನ್ನೂ ಹುಡುಕಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಆ ಗುರುತನ್ನು ಕೇಂದ್ರ ಸರ್ಕಾರ 2021ರ ಜನವರಿ 1ರಿಂದ ಕಡ್ಡಾಯಗೊಳಿಸಿದೆ.

ಮಳೆ, ಉಪ್ಪುಗಾಳಿ ಮತ್ತು ಆಯುಧಪೂಜೆ

ಮಳೆಯಲ್ಲಿ ಸ್ಕೂಟರ್ ಓಡಿಸುವುದನ್ನು ನಿಲ್ಲಿಸಿಬಿಡುವುದೇ ಸರಳ. ಒದ್ದೆ ಟೈಲ್ಸಿನ ಮೇಲೆ ಚಕ್ರ ಜಾರುತ್ತದೆ, ಒದ್ದೆ ಬ್ರೇಕು ಹಿಡಿಯದು, ಹಲಗೆಯ ಮೇಲಿನ ಉಪ್ಪುಕಾಗದದಂಥ ಪಟ್ಟಿ ಸವೆದಿದ್ದರೆ ಕಾಲೂ ನಿಲ್ಲದು. ನೆನೆದ ಗಾಡಿಯನ್ನು ಒಣಬಟ್ಟೆಯಿಂದ ಒರೆಸಿ, ಚಕ್ರ ಮೇಲೆ ಮಾಡಿ ಫ್ಯಾನಿನ ಕೆಳಗಿಡಿ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಉಪ್ಪುಗಾಳಿಯ ಕಾಟ ಬೇರೆ. ಅಲ್ಯೂಮಿನಿಯಂ ಕಂಬಕ್ಕೆ ಉಕ್ಕಿನ ಬೋಲ್ಟು ತಾಗುವ ಕಡೆ ಬಿಳಿಪುಡಿ ಕೂತು ಬೋಲ್ಟು ಕಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಬೋಲ್ಟಿನ ಹುರಿಗೆ ಚೂರು ಗ್ರೀಸು ಸವರಿದರೆ ಸಾಕು.

ವರ್ಷದಲ್ಲಿ ಒಂದು ದಿನ ಮಾತ್ರ ಮಕ್ಕಳ ಸ್ಕೂಟರಿಗೂ ರಾಜಮರ್ಯಾದೆ ಸಿಗುತ್ತದೆ. ಆಯುಧಪೂಜೆಯಂದು ಕಾರು ಬೈಕುಗಳ ಸಾಲಿನಲ್ಲಿ ಅದೂ ಅರಿಶಿನ ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಹಾರ ಹಾಕಿಕೊಂಡು ನಿಲ್ಲುತ್ತದೆ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ದಿನ ಸಿಗದು. ಮನೆಯ ಸ್ಪ್ಯಾನರುಗಳೆಲ್ಲ ಅಂದು ಹೇಗೂ ಹೊರಗೆ ಬಂದಿರುತ್ತವೆ. ಆದರೆ ಕಾರಿಗೆ ಹಿಡಿದ ಪೈಪನ್ನೇ ಸ್ಕೂಟರಿನ ಚಕ್ರಕ್ಕೂ ಹಿಡಿಯಬೇಡಿ. ರಭಸದ ನೀರು ಮುಚ್ಚಳದ ಸಂದಿಯಿಂದ ಬೇರಿಂಗಿನೊಳಗೆ ನುಗ್ಗುತ್ತದೆ. ಪೂಜೆ ಮುಗಿದ ಮರುದಿನ ಹಾರದ ದಾರವನ್ನೂ ಬಾಳೆಕಂದಿನ ನಾರನ್ನೂ ನೆನಪಿನಿಂದ ಬಿಚ್ಚಬೇಕು, ಅವು ಚಕ್ರಕ್ಕೆ ಸುತ್ತಿಕೊಳ್ಳುವ ಮುನ್ನ.

ಉಳಿದ ದಿನಗಳಲ್ಲಿ ಗಾಡಿಯ ಜಾಗ ಮನೆಯೊಳಗಿನ ಮೂಲೆ. ಬಾಲ್ಕನಿಯ ಬಿಸಿಲಿಗೆ ಪ್ಲಾಸ್ಟಿಕ್ಕು ಪೆಡಸಾಗುತ್ತದೆ. ಮೆಟ್ಟಿಲ ಮೇಲಿಟ್ಟರೆ ಅಜ್ಜಿಯ ಕಾಲಿಗೆ ಸಿಗುತ್ತದೆ.

ತಲೆಗೆ ಏನು?

ಹೆಲ್ಮೆಟ್. ಆದರೆ ಅಪ್ಪನ ಬೈಕಿನದಲ್ಲ. ಆ ಭಾರ ಎಳೆಯ ಕತ್ತಿಗೆ ಹೊರೆ, ಸಡಿಲವಾಗಿ ಕಣ್ಣಿನ ಮೇಲೆ ಜಾರುತ್ತದೆ. ಸೈಕಲ್ ಅಥವಾ ಸ್ಕೇಟಿಂಗಿಗೆಂದು ಮಾಡಿದ ಮಕ್ಕಳ ಹೆಲ್ಮೆಟ್ ಸೂಕ್ತ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ನೇರವಾಗಿ ಕೂರಬೇಕು, ಗಲ್ಲದ ಪಟ್ಟಿಯ ಕೆಳಗೆ ಒಂದೆರಡು ಬೆರಳು ಮಾತ್ರ ತೂರಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲ್ ಕುಸಿದಿರುತ್ತದೆ; ಹೊರಗೆ ಗೀರು ಕಾಣದಿದ್ದರೂ ಅದನ್ನು ಮತ್ತೆ ಬಳಸುವಂತಿಲ್ಲ. ಇನ್ನೊಂದು ಎಚ್ಚರಿಕೆ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಪಾರ್ಕಿನಲ್ಲಿ ಸ್ಕೂಟರ್ ಇಳಿದು ಜಾರುಬಂಡೆಗೋ ಏಣಿಗೋ ಓಡುವ ಮೊದಲು ಮಗುವಿನ ಹೆಲ್ಮೆಟ್ ತೆಗೆಸಬೇಕು. ಕಂಬಿಗಳ ಸಂದಿಯಲ್ಲಿ ದೇಹ ತೂರಿ ಹೆಲ್ಮೆಟ್ ಸಿಕ್ಕಿಕೊಂಡರೆ ಗಲ್ಲದ ಪಟ್ಟಿಯೇ ಉರುಳಾಗುತ್ತದೆ. ಮಂಡಿ, ಮೊಣಕೈಗಳಿಗೆ ಪ್ಯಾಡು ಇದ್ದರೆ ಒಳ್ಳೆಯದು. ಕತ್ತಲಾದ ಮೇಲೆ ಸವಾರಿ ಬೇಡ.

ಕೊನೆಯದಾಗಿ ಗುಜರಿಯ ವಿಚಾರ. ಬಿರುಕು ಬಿಟ್ಟ ಅಥವಾ ಕೀಲು ಸವೆದ ಸ್ಕೂಟರನ್ನು ಹಾಗೆಯೇ ಗೇಟಿನ ಹೊರಗಿಟ್ಟರೆ ಸಂಜೆಯೊಳಗೆ ಇನ್ನಾವುದೋ ಮಗು ಅದನ್ನು ಓಡಿಸುತ್ತಿರುತ್ತದೆ. ಆ ಮಗುವಿಗೆ ಬಿರುಕಿನ ವಿಷಯ ಗೊತ್ತಿರುವುದಿಲ್ಲ. ಚಕ್ರಗಳನ್ನು ಬಿಚ್ಚಿ, ಹ್ಯಾಂಡಲ್ ಕಂಬವನ್ನು ಹಲಗೆಯಿಂದ ಬೇರ್ಪಡಿಸಿ, ಬಿಡಿಬಿಡಿಯಾಗಿ ತೂಕಕ್ಕೆ ಹಾಕಬೇಕು. ಗುಜರಿಯವರು ಅಲ್ಯೂಮಿನಿಯಂಗೆ ಕಬ್ಬಿಣಕ್ಕಿಂತ ಹೆಚ್ಚಿನ ದರ ಕೊಡುತ್ತಾರೆ. ಚೆನ್ನಾಗಿ ತಿರುಗುವ ಬೇರಿಂಗುಗಳಿದ್ದರೆ ಮಾತ್ರ ತೆಗೆದಿಟ್ಟುಕೊಳ್ಳಬಹುದು, ಮುಂದಿನ ಗಾಡಿಗೂ ಅವು ಹೊಂದುತ್ತವೆ.